ಪ್ರೋಷಧೋಪವಾಸವೂ ಆಮ್ಲಶಮನದ ಗುಳಿಗೆಯೂ

ಕಳೆದ ದಶಲಕ್ಷಣ ಪರ್ವದ ಸುಗಂಧದಶಮಿಯಂದು ಮೂಡಲಗಿ ತಾಲೂಕಿನ ಒಂದು ಗ್ರಾಮದ ಬಸದಿಯಲ್ಲಿ, ಅಭಿಷೇಕ ಮುಗಿದು ಗಂಧೋದಕ ಸ್ವೀಕರಿಸಲು ಎದ್ದ ಶ್ರಾವಿಕೆಯೊಬ್ಬರು ಕಣ್ಣಿಗೆ ಕತ್ತಲೆ ಕವಿದು ಅಲ್ಲಿಯೇ ಕುಸಿದರು. ವಯಸ್ಸು ಐವತ್ತೆಂಟು. ಪಂಚಮಿಯಿಂದ ಏಕಾಶನ, ಅಷ್ಟಮಿಗೆ ನಿರ್ಜಲ ಉಪವಾಸ, ಮರಳಿ ಏಕಾಶನ, ಹೀಗೆ ಅವರ ವ್ರತ ನಡೆದಿತ್ತು. ನೆರೆದವರು ಉಪವಾಸದ ನಿಶ್ಶಕ್ತಿಯೆಂದು ಬಗೆದು ಗಾಳಿ ಬೀಸಿದರು. ಆದರೆ ಎರಡು ದಿನಗಳಿಂದ ಆಕೆಯ ಮಲವು ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ ಹೋಗುತ್ತಿದ್ದಿತು. ಪರ್ವಕಾಲದಲ್ಲಿ ಇಂಥ ಮಾತನ್ನು ಆಡುವುದೆಂತು ಎಂದು ಸೊಸೆಗೂ ತಿಳಿಸಿರಲಿಲ್ಲ. ಗೋಕಾಕಕ್ಕೆ ಕೊಂಡೊಯ್ದು, ರಕ್ತ ಕೊಟ್ಟು, ಬಾಯಿಯ ಮೂಲಕ ದುರ್ಬೀನು ಇಳಿಸಿ ನೋಡಿದಾಗ ಜಠರದಲ್ಲಿ ರಕ್ತ ಒಸರುತ್ತಿದ್ದ ಹುಣ್ಣು ಕಂಡುಬಂದಿತು.

ನಾಲ್ಕನೆಯ ದಿನ ನಾನು ನೋಡಲು ಹೋದಾಗ ಆಕೆ ಹೇಳಿದ ಮಾತು ಇದು: “ಮಾಸ್ತರ, ಊಟಾನ ಇಲ್ಲದ ಮ್ಯಾಲ ಗ್ಯಾಸಿನ ಗುಳಗಿ ಯಾತಕ್ರೀ ಅಂತ ಅದೊಂದ ಬಿಟ್ಟೆ. ಮೊಣಕಾಲಿಂದು ಬಿಟ್ರ ಸಾಮಾಯಿಕಕ್ಕ ಕುಂಡ್ರಾಕ ಆಗೂದಿಲ್ಲಲ್ರಿ, ಅದನ್ನ ಬಿಡಲಿಲ್ಲ. ಈಗ ನನ್ನ ವ್ರತ ಮುರೀತೇನ್ರಿ?”

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನೇ. ಏಕೆಂದರೆ ಶ್ರಾವಣ ಮಾಸದ ಸ್ವಾಧ್ಯಾಯದಲ್ಲಿ ಆಕೆಯ ಎದುರಿನಲ್ಲಿಯೇ “ಪರ್ವದ ಹತ್ತು ದಿನ ಔಷಧದ ಗೊಡವೆಯೂ ಬೇಡ” ಎಂದು ನುಡಿದವನು ನಾನು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಉಪವಾಸದ ದಿನ ವರ್ಜಿಸತಕ್ಕವುಗಳನ್ನು ಎಣಿಸುವಾಗ ಪಂಚಪಾಪಗಳೊಡನೆ ಅಲಂಕಾರ, ಆರಂಭ, ಗಂಧ, ಪುಷ್ಪ, ಸ್ನಾನಗಳನ್ನೂ ಅಂಜನ, ನಸ್ಯಗಳನ್ನೂ ಹೇಳಿದ್ದಾರೆ. ಅಂಜನ ನಸ್ಯಗಳು ವೈದ್ಯಶಾಸ್ತ್ರದಲ್ಲಿ ಔಷಧಪ್ರಯೋಗಗಳೂ ಆಗಿರುವುದರಿಂದ ಔಷಧಮಾತ್ರವೇ ತ್ಯಾಜ್ಯವೆಂದು ನಾನು ಅರ್ಥ ಹಚ್ಚಿದ್ದೆ. ಈಗ ಮರಳಿ ಓದಿದರೆ, ಆ ಪಟ್ಟಿ ಇರುವುದು ಶರೀರಶೃಂಗಾರ ಮತ್ತು ಇಂದ್ರಿಯಸುಖಗಳ ಸಾಲಿನಲ್ಲಿ. ರೋಗಿಯ ಚಿಕಿತ್ಸೆಯ ಪ್ರಸಂಗ ಅಲ್ಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಸಂದರ್ಭಸಹಿತ ಅರ್ಥ ಬರೆಯಿರೆಂದು ಹೇಳಿದವನು ಸಂದರ್ಭ ಬಿಟ್ಟು ಅರ್ಥ ಹೇಳಿದೆ. ಆ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ ಈ ವಿಷಯವನ್ನು ವೈದ್ಯರಿಂದ ಕೇಳಿಯೂ ಗ್ರಂಥಗಳಿಂದ ಓದಿಯೂ ಇಲ್ಲಿ ನಿರೂಪಿಸುತ್ತೇನೆ.

ಜಠರದ ಆಮ್ಲ

ನಮ್ಮ ಭಾಗದಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆ ಸಂಕಟ ಯಾವುದಾದರೂ “ಗ್ಯಾಸು” ಎಂಬ ಒಂದೇ ಹೆಸರು. ಹಿಂದಿನವರು “ಪಿತ್ತ” ಎನ್ನುತ್ತಿದ್ದರು. ಆಯುರ್ವೇದದ ಮಾಧವನಿದಾನವು ಇದನ್ನು ಆಮ್ಲಪಿತ್ತವೆಂದು ಬೇರೆಯಾಗಿಯೇ ಗುರುತಿಸಿದೆ. ಪ್ರಕೃತದಲ್ಲಿ ವಾಯುವಿಗೂ ಈ ಗುಳಿಗೆಗೂ ಸಂಬಂಧವಿಲ್ಲ. ಜಠರದ ಒಳಭಿತ್ತಿಯಲ್ಲಿರುವ ಒಂದು ಜಾತಿಯ ಕೋಶಗಳು ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ರವಿಸುತ್ತವೆ. ಇದನ್ನು 1824ರಲ್ಲಿ ಇಂಗ್ಲೆಂಡಿನ ವಿಲಿಯಂ ಪ್ರೌಟ್ ಎಂಬವರು ಗುರುತಿಸಿದರು. ಆ ಕೋಶಗಳಲ್ಲಿ ಅತಿಸೂಕ್ಷ್ಮವಾದ ಪಂಪುಗಳಿವೆ. ಅವು ಪೊಟ್ಯಾಸಿಯಂ ಕಣವನ್ನು ಒಳಗೆಳೆದುಕೊಂಡು ಹೈಡ್ರೋಜನ್ ಕಣವನ್ನು ಹೊರದೂಡುತ್ತವೆ. ರಕ್ತದಲ್ಲಿರುವುದಕ್ಕಿಂತ ಹತ್ತು ಲಕ್ಷ ಪಟ್ಟಿಗೂ ಮಿಕ್ಕು ಹೈಡ್ರೋಜನ್ ಕಣಗಳು ಜಠರದಲ್ಲಿ ಒಟ್ಟುಗೂಡುವುದು ಈ ಪಂಪುಗಳ ಕೆಲಸದಿಂದ. ಹೊಲದ ಬಾವಿಗೆ ಮೋಟಾರು ಕೂರಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಂಥ ತೀಕ್ಷ್ಣ ದ್ರವವು ಜಠರವನ್ನೇ ಸುಡದಿರುವುದು ಅದರ ಮೇಲಿನ ಲೋಳೆಯ ಲೇಪದಿಂದ. ಆ ಲೇಪವನ್ನು ಕಾಯುವ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನೇ ಆಸ್ಪಿರಿನ್ ಮೊದಲಾದ ನೋವಿನ ಔಷಧಗಳು ತಡೆಯುತ್ತವೆಂದು 1971ರಲ್ಲಿ ಜಾನ್ ವೇನ್ ಎಂಬ ವಿಜ್ಞಾನಿ ತೋರಿಸಿದರು. ಮೊಣಕಾಲಿನ ನೋವು ನಿಲ್ಲುವುದೂ ಜಠರದ ಕಾವಲು ತಪ್ಪುವುದೂ ಒಂದೇ ಕ್ರಿಯೆಯ ಎರಡು ಮುಖಗಳು. ನಮ್ಮ ಶ್ರಾವಿಕೆ ನಂಬಿದ್ದು, ಆಹಾರವಿಲ್ಲದಿದ್ದರೆ ಆಮ್ಲವೂ ಇಲ್ಲ ಎಂದು. ನಿಜಸ್ಥಿತಿ ಹಾಗಿಲ್ಲ. ಊಟದ ಸಮಯಕ್ಕೆ ಆಮ್ಲ ಹೆಚ್ಚುತ್ತದೆ, ದಿಟ. ಆದರೆ ಬರಿದಾದ ಹೊಟ್ಟೆಯಲ್ಲಿಯೂ, ವಿಶೇಷವಾಗಿ ರಾತ್ರಿಯ ಹೊತ್ತು, ಅದು ಸ್ವಲ್ಪಸ್ವಲ್ಪವಾಗಿ ಒಸರುತ್ತಲೇ ಇರುತ್ತದೆ. ಅದನ್ನು ಮೃದುಗೊಳಿಸುವ ಅನ್ನ ಅಲ್ಲಿರುವುದಿಲ್ಲ. ಕಾವಲು ತೆಗೆಯುವ ಗುಳಿಗೆಯನ್ನು ಉಳಿಸಿಕೊಂಡು, ಕಾಯುವ ಗುಳಿಗೆಯನ್ನು ಬಿಟ್ಟರೆ ಆಗುವುದೇ ಆಯಿತು. ಕಪ್ಪು ಮಲವೆಂದರೆ ಜಠರದಲ್ಲಿ ಸುರಿದ ರಕ್ತ ಆಮ್ಲದಲ್ಲಿ ಬೆಂದು ಇಳಿದದ್ದು. ಅದನ್ನು ಕಂಡವರು ಅಷ್ಟಮಿಯೋ ಚತುರ್ದಶಿಯೋ ಎಂದು ನೋಡದೆ ಆ ಗಳಿಗೆಯೇ ಆಸ್ಪತ್ರೆಗೆ ಹೋಗತಕ್ಕದ್ದು. ಹಾಗೆಯೇ ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಭುಜಕ್ಕೋ ದವಡೆಗೋ ಹರಿದರೆ ಅದನ್ನು “ಗ್ಯಾಸು” ಎಂದು ಕರೆದು ಗುಳಿಗೆ ನುಂಗಿ ಮಲಗಬಾರದು. ಅದು ಹೃದಯದ ಕರೆಯಿರಬಹುದು.

ಸಮಂತಭದ್ರರ ಭಸ್ಮಕ

ಉಪವಾಸದ ನಿಯಮಗಳನ್ನು ನಮಗೆ ಬರೆದಿತ್ತ ಆಚಾರ್ಯರೇ ಜಠರಾಗ್ನಿಯ ವ್ಯಾಧಿಯಿಂದ ಬಳಲಿದವರೆಂಬುದನ್ನು ನಾವು ಎಷ್ಟು ಜನ ನೆನೆಯುತ್ತೇವೆ? ಸಮಂತಭದ್ರರಿಗೆ ಭಸ್ಮಕರೋಗ ತಗುಲಿತ್ತು. ಉಂಡದ್ದೆಲ್ಲ ಬೂದಿಯಾಗಿ, ಹಸಿವು ಇಂಗದ ರೋಗವದು. ಶ್ರವಣಬೆಳಗೊಳದ ಪಾರ್ಶ್ವನಾಥ ಬಸದಿಯ ಮಲ್ಲಿಷೇಣ ಪ್ರಶಸ್ತಿಯು, 12ನೆಯ ಶತಮಾನದ ಶಾಸನ, ಅವರು ಆ ಭಸ್ಮಕವನ್ನೇ ಭಸ್ಮಮಾಡಿದವರೆಂದು ಸ್ತುತಿಸುತ್ತದೆ. ದೇವಚಂದ್ರನ ರಾಜಾವಳೀ ಕಥೆಯಲ್ಲಿಯೂ ಆರಾಧನಾ ಕಥಾಕೋಶದಲ್ಲಿಯೂ ಕಥೆ ವಿಸ್ತಾರವಾಗಿದೆ. ವಿವರಗಳಲ್ಲಿ ಭೇದವುಂಟು, ಸಾರ ಒಂದೇ. ಮುನಿಯ ಒಂದು ಹೊತ್ತಿನ ಮಿತಾಹಾರದಿಂದ ಆ ರೋಗ ಶಮನವಾಗುವಂತಿರಲಿಲ್ಲ. ಸಮಂತಭದ್ರರು ಸಲ್ಲೇಖನಕ್ಕೆ ಅನುಜ್ಞೆ ಬೇಡಿದರು. ಗುರುಗಳು ಕೊಡಲಿಲ್ಲ. ಇವನಿಂದ ಮುಂದೆ ಧರ್ಮಪ್ರಭಾವನೆ ಆಗಬೇಕಾಗಿದೆ, ರೋಗವೂ ವಾಸಿಯಾಗತಕ್ಕದ್ದೇ ಎಂದು ತಿಳಿದು, ಮುನಿವೇಷವನ್ನು ಕೆಲಕಾಲ ಬಿಟ್ಟು ಆಹಾರದಿಂದ ರೋಗವನ್ನು ಕಳೆದುಕೊಂಡು ಮರಳಿ ದೀಕ್ಷೆ ಪಡೆಯೆಂದು ಆಜ್ಞಾಪಿಸಿದರು. ಆಚಾರ್ಯರು ದೇವಾಲಯದ ನೈವೇದ್ಯವನ್ನುಂಡು ಗುಣಹೊಂದಿದ್ದು, ಚಂದ್ರಪ್ರಭ ಜಿನಬಿಂಬ ಪ್ರಕಟವಾದದ್ದು, ಆಮೇಲೆ ಪುನರ್ದೀಕ್ಷೆ, ಇವು ಓದುಗರಿಗೆ ತಿಳಿದ ಸಂಗತಿಗಳೇ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ವ್ರತವನ್ನು ಇಟ್ಟುಕೊಂಡೇ ಒಳಗೊಳಗೆ ಮುರಿಯೆಂದು ಗುರುಗಳು ಹೇಳಲಿಲ್ಲ. ರೋಗವನ್ನು ಸಹಿಸಿ ಸಾಯೆಂದೂ ಹೇಳಲಿಲ್ಲ. ಶಕ್ತಿಗೆ ಮೀರಿದ ವ್ರತವನ್ನು ಬಹಿರಂಗವಾಗಿ ಇಳಿಸಿ, ಚಿಕಿತ್ಸೆ ಮುಗಿದ ಮೇಲೆ ಮರಳಿ ಏರಿಸುವ ದಾರಿ ತೋರಿದರು. ಮುಂದೆ ಅದೇ ಸಮಂತಭದ್ರರು ಸಲ್ಲೇಖನದ ಲಕ್ಷಣ ಹೇಳುವಾಗ ಉಪಸರ್ಗ, ದುರ್ಭಿಕ್ಷ, ಜರೆ, ರೋಗಗಳಿಗೆ “ನಿಃಪ್ರತೀಕಾರ” ಎಂಬ ವಿಶೇಷಣ ಕೂಡಿಸಿದ್ದಾರೆ. ಪ್ರತೀಕಾರವಿಲ್ಲದ್ದಾಗಿರಬೇಕು. ನಮ್ಮ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸ್ವೀಕರಿಸಿದ್ದು ದೃಷ್ಟಿ ಕುಂದಿ, ಜೀವರಕ್ಷಣೆಯ ಸಮಿತಿಗಳನ್ನು ಪಾಲಿಸುವುದು ಅಸಾಧ್ಯವಾದಾಗ. ಜಠರದ ಹುಣ್ಣಿಗಾದರೋ ಇಂದು ಪ್ರತೀಕಾರವಿದೆ. ನೂರು ವರ್ಷಗಳ ಕೆಳಗೆ ಇದೇ ಮಾತನ್ನು ಹೇಳುವುದು ಕಷ್ಟವಿತ್ತು.

ಔಷಧದ ಇತಿಹಾಸ ಮತ್ತು ಕ್ರಿಯೆ

ಹಿಂದೆ ಹುಣ್ಣಿನ ರೋಗಿಗೆ ಗಳಿಗೆಗೊಮ್ಮೆ ಹಾಲು ಕುಡಿಸುತ್ತಿದ್ದರು. ಹಾಲು ಆ ಕ್ಷಣಕ್ಕೆ ತಂಪೆನಿಸಿದರೂ ತರುವಾಯ ಆಮ್ಲವನ್ನು ಹೆಚ್ಚಿಸುತ್ತದೆ. ಅದಕ್ಕೂ ಬಗ್ಗದಿದ್ದರೆ ಜಠರದ ಭಾಗವನ್ನೇ ಕತ್ತರಿಸುವ ಶಸ್ತ್ರಕ್ರಿಯೆ. ಸುಣ್ಣ, ಮೆಗ್ನೀಸಿಯಂ, ಅಲ್ಯುಮಿನಿಯಂಗಳ ಕ್ಷಾರದ ದ್ರಾವಣಗಳು ಉತ್ಪತ್ತಿಯಾದ ಆಮ್ಲವನ್ನು ತಣಿಸುವವೇ ಹೊರತು ಉತ್ಪತ್ತಿಯನ್ನು ತಡೆಯುವವಲ್ಲ. 1976ರಲ್ಲಿ ಜೇಮ್ಸ್ ಬ್ಲ್ಯಾಕ್ ಅವರ ಸಂಶೋಧನೆಯ ಫಲವಾದ ಸಿಮೆಟಿಡಿನ್ ಬಂದಿತು. ಆ ವರ್ಗದ್ದೇ ಆದ ರ್‍ಯಾನಿಟಿಡಿನ್ ನಮ್ಮ ಮನೆಮನೆಯ ಗುಳಿಗೆಯಾಯಿತು. 2019ರಲ್ಲಿ ಇದರಲ್ಲಿ ಕ್ಯಾನ್ಸರ್‌ಕಾರಕವೆಂದು ಶಂಕಿಸಲಾದ ಕಲ್ಮಷ ಕಂಡು, 2020ರಲ್ಲಿ ಅಮೆರಿಕ ಇದನ್ನು ಮಾರುಕಟ್ಟೆಯಿಂದ ತೆಗೆಸಿತು. ಭಾರತದ ಅತ್ಯಾವಶ್ಯಕ ಔಷಧಗಳ 2022ರ ಪಟ್ಟಿಯಿಂದಲೂ ಇದನ್ನು ಕೈಬಿಡಲಾಗಿದೆ. ಹಳೆಯ ಡಬ್ಬಿಯಲ್ಲಿ ಇಟ್ಟುಕೊಂಡವರು ವೈದ್ಯರನ್ನು ಕೇಳಿ ಬದಲಿಸಿಕೊಳ್ಳುವುದು ಲೇಸು.

1988ರಲ್ಲಿ ಸ್ವೀಡನ್ನಿನಿಂದ ಒಮೆಪ್ರಜೋಲ್ ಬಂದಿತು. ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಇಸೋಮೆಪ್ರಜೋಲ್‌ಗಳು ಇದರ ಬಂಧುಗಳು. ಇವು ಮೇಲೆ ಹೇಳಿದ ಪಂಪನ್ನೇ ಬಂಧಿಸುತ್ತವೆ. ಔಷಧವು ರಕ್ತದಲ್ಲಿ ಒಂದೆರಡು ಗಂಟೆ ಮಾತ್ರ ಇರುತ್ತದೆ. ಆದರೆ ಬಂಧಿತವಾದ ಪಂಪು ಮತ್ತೆ ಬಿಡುಗಡೆಯಾಗುವುದಿಲ್ಲ, ಹೊಸ ಪಂಪು ಹುಟ್ಟಬೇಕು. ಆದ್ದರಿಂದ ಪರಿಣಾಮವು ದಿನವಿಡೀ ನಿಲ್ಲುತ್ತದೆ. ಕರ್ಮಪುದ್ಗಲದ ಬಂಧವನ್ನೂ ಸ್ಥಿತಿಯನ್ನೂ ಓದಿದವರಿಗೆ ಈ ದೃಷ್ಟಾಂತ ರುಚಿಸಬಹುದು, ಆದರೆ ದೃಷ್ಟಾಂತವನ್ನು ಎಳೆದಾಡುವುದು ಬೇಡ. ಮುಖ್ಯವಾದ ಸಂಗತಿ ಬೇರೆ: ಆ ಹೊತ್ತಿನಲ್ಲಿ ದುಡಿಯುತ್ತಿರುವ ಪಂಪನ್ನು ಮಾತ್ರ ಇದು ಹಿಡಿಯಬಲ್ಲುದು. ಪಂಪುಗಳು ಎಚ್ಚರಗೊಳ್ಳುವುದು ಊಟದಿಂದ. ಆದ್ದರಿಂದಲೇ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕೆಂಬ ನಿಯಮ. ಉಂಡ ಮೇಲೆ ಎದೆಯುರಿ ಬಂದಾಗ ನುಂಗಿದರೆ ಅರ್ಧಫಲ. ಪೂರ್ಣ ಪರಿಣಾಮಕ್ಕೆ ಮೂರರಿಂದ ಐದು ದಿನ ಬೇಕು. ಗುಳಿಗೆಯ ಮೇಲಿನ ಲೇಪವು ಜಠರದ ಆಮ್ಲದಿಂದ ಔಷಧವನ್ನೇ ಕಾಪಾಡುವ ಕವಚವಾದುದರಿಂದ ಅದನ್ನು ಪುಡಿಮಾಡಬಾರದು, ಜಗಿಯಬಾರದು.

ಹುಣ್ಣಿನ ಮೂಲವನ್ನು ಕುರಿತು ಇನ್ನೊಂದು ಮಾತು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಜಠರದಲ್ಲಿ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಇಂದು ಅದಕ್ಕೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂದು ಹೆಸರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ನೋವಿನ ಗುಳಿಗೆ ಮತ್ತು ಈ ಬ್ಯಾಕ್ಟೀರಿಯಾ, ಇವೆರಡೇ ಹುಣ್ಣಿನ ಪ್ರಧಾನ ಕಾರಣಗಳು. ಸಂಕೇಶ್ವರದ ಮೆಣಸಿನಕಾಯಿಯ ಚಟ್ನಿ ಎದೆಯುರಿಯನ್ನು ಕೆಣಕುವುದು ಸತ್ಯ, ಆದರೆ ಹುಣ್ಣನ್ನು ಹುಟ್ಟಿಸುವ ಅಪರಾಧವನ್ನು ಅದರ ಮೇಲೆ ಹೊರಿಸಲಾಗದು. ಬ್ಯಾಕ್ಟೀರಿಯಾ ಇದ್ದರೆ ಆಮ್ಲಶಾಮಕದೊಡನೆ ಎರಡು ಮೂರು ಪ್ರತಿಜೈವಿಕಗಳನ್ನು ಸಾಮಾನ್ಯವಾಗಿ 14 ದಿನ ಬಿಡದೆ ತೆಗೆದುಕೊಳ್ಳಬೇಕು. ನಡುವೆ ತಪ್ಪಿದರೆ ಬ್ಯಾಕ್ಟೀರಿಯಾ ಬಗ್ಗದಂತಾಗುತ್ತದೆ. ರಕ್ತಸ್ರಾವವಿಲ್ಲದ ರೋಗಿಯು ವೈದ್ಯರನ್ನು ಕೇಳಿ ಈ 14 ದಿನಗಳನ್ನು ಪರ್ವಕ್ಕೆ ಮುಂಚೆ ಮುಗಿಸುವುದೋ ಪರ್ವದ ನಂತರ ಆರಂಭಿಸುವುದೋ ಮಾಡಬಹುದು. ದಿನಕ್ಕೆರಡು ಸಲದ ಕ್ರಮವಾದರೆ ರಾತ್ರಿಭೋಜನತ್ಯಾಗಿಗೂ ಅಡ್ಡಿಯಿಲ್ಲ: ಬೆಳಗ್ಗೆ ಸೂರ್ಯೋದಯದ ನಂತರ ಒಮ್ಮೆ, ಸಂಜೆ ಅಸ್ತಮಾನಕ್ಕೆ ಮುನ್ನ ಒಮ್ಮೆ. ನಾಲ್ಕು ಸಲದ ಕ್ರಮವೂ ಒಂದುಂಟು. ನಿಯಮವಿರುವವರು ಮೊದಲೇ ತಿಳಿಸಿದರೆ ವೈದ್ಯರು ಬೇರೆಯದನ್ನು ಯೋಚಿಸಬಲ್ಲರು. ನಮ್ಮ ಜನ ವೈದ್ಯರಿಗೆ ವ್ರತದ ಮಾತನ್ನೂ ಗುರುಗಳಿಗೆ ರೋಗದ ಮಾತನ್ನೂ ಹೇಳುವುದಿಲ್ಲ.

ಪ್ರತ್ಯಾಖ್ಯಾನದ ಬಗೆ

ಇನ್ನು ಗ್ರಂಥಗಳು ಎಷ್ಟು ಎಡೆ ಕೊಡುತ್ತವೆಂಬುದನ್ನು ನೋಡೋಣ. ಪ್ರೋಷಧವೆಂದರೆ ಒಂದು ಹೊತ್ತಿನ ಊಟ, ಉಪವಾಸವೆಂದರೆ ನಾಲ್ಕು ಬಗೆಯ ಆಹಾರದ ತ್ಯಾಗ. ಎರಡೂ ಕೂಡಿ ಪ್ರೋಷಧೋಪವಾಸ. ವಸುನಂದಿ ಶ್ರಾವಕಾಚಾರವು ಇದರಲ್ಲಿ ಮೂರು ಮೆಟ್ಟಿಲುಗಳನ್ನು ಹೇಳುತ್ತದೆ. ನೀರನ್ನೂ ಬಿಟ್ಟದ್ದು ಉತ್ತಮ, ನೀರೊಂದನ್ನು ಉಳಿಸಿಕೊಂಡದ್ದು ಮಧ್ಯಮ, ರಸವಿಲ್ಲದ ಅನ್ನ ಅಥವಾ ಒಂದೇ ಹೊತ್ತಿನ ಊಟದಿಂದ ಕಳೆಯುವುದು ಜಘನ್ಯ. ಜಘನ್ಯವೆಂಬ ಮಾತು ಇಂದಿನ ಕನ್ನಡದಲ್ಲಿ ಕೆಟ್ಟ ಅರ್ಥ ತಳೆದಿರುವುದರಿಂದ ಜನ ಅದನ್ನು ಕೇಳಿದೊಡನೆ ಹಿಂಜರಿಯುತ್ತಾರೆ. ಶಾಸ್ತ್ರದಲ್ಲಿ ಅದಕ್ಕೆ ಕನಿಷ್ಠ ಪ್ರಮಾಣವೆಂದಷ್ಟೇ ಅರ್ಥ, ಅದೂ ವ್ರತವೇ. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ “ಶಕ್ತಿತಃ” ಎಂಬ ವಿಶೇಷಣ ಬಿದ್ದಿರುವುದನ್ನು ಪೂಜೆಯಲ್ಲಿ ಪ್ರತಿವರ್ಷ ಹಾಡುತ್ತೇವೆ. ಬಾಹ್ಯ ತಪಸ್ಸುಗಳಾದರೂ ಆರು. ಅನಶನವು ಮೊದಲನೆಯದು, ಒಂದೇ ಅಲ್ಲ. ಹುಣ್ಣಿನ ರೋಗಿಗೆ ರಸಪರಿತ್ಯಾಗವು ಅನಶನಕ್ಕಿಂತ ಕಠಿಣವೂ ನಿರಪಾಯವೂ ಆಗಿರುವುದನ್ನು ನಾನು ಕಂಡಿದ್ದೇನೆ. ಹತ್ತು ದಿನ ಉಪ್ಪು, ತುಪ್ಪ, ಬೆಲ್ಲ ಬಿಟ್ಟು ನೋಡಿರಿ.

ರಾತ್ರಿಯ ಔಷಧದ ಬಗೆಗೆ 13ನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಸ್ಪಷ್ಟ ಮಾತಿದೆ: ಪಾಕ್ಷಿಕ ಶ್ರಾವಕನು ಹಗಲಿನಲ್ಲಿ ಉಣತಕ್ಕದ್ದು, ನೀರು, ಔಷಧ, ತಾಂಬೂಲಾದಿಗಳನ್ನು ರಾತ್ರಿಯಲ್ಲಿಯೂ ಸ್ವೀಕರಿಸಬಹುದು. ಪ್ರತಿಮಾಧಾರಿಗಳಿಗೆ ಈ ಸಡಿಲಿಕೆ ಅನ್ವಯಿಸುವುದಿಲ್ಲ. ಅವರು ತಮ್ಮ ಗುರುಗಳ ಅನುಜ್ಞೆಯಂತೆ ನಡೆಯತಕ್ಕದ್ದು. ಆದರೆ ನಮ್ಮ ಊರುಗಳ ಬಹುಜನ ಶ್ರಾವಕರು ಪಾಕ್ಷಿಕರೇ. ತಮಗಿಲ್ಲದ ಪ್ರತಿಮೆಯ ನಿಯಮವನ್ನು ತಾವೇ ಹೇರಿಕೊಂಡು, ಆಮೇಲೆ ಕದ್ದು ಮುರಿಯುವುದಕ್ಕೆ ಯಾವ ಆಚಾರ್ಯರೂ ಕಾರಣರಲ್ಲ.

ಹಾಗಾದರೆ ಏಕಾಶನದವನು ಏನು ಮಾಡಬೇಕು? ಊಟ ಹನ್ನೊಂದು ಗಂಟೆಗೆ, ಗುಳಿಗೆ ಹತ್ತೂಕಾಲಿಗೆ ಬೇಕು, ನೀರೂ ಬೇಕು. ಎರಡು ಸಲ ಬಾಯಿಗೆ ಹಾಕಿದಂತಾಯಿತಲ್ಲ ಎಂಬುದು ಅವರ ಶಂಕೆ. ಪ್ರತ್ಯಾಖ್ಯಾನ ಮಾಡುವಾಗಲೇ “ಔಷಧವೂ ಅದಕ್ಕೆ ಬೇಕಾದಷ್ಟು ಪ್ರಾಸುಕ ಜಲವೂ ಹೊರತಾಗಿ” ಎಂದು ಸೇರಿಸಿದರೆ ಸ್ವೀಕರಿಸಿದ ನಿಯಮವು ಪೂರ್ಣವಾಗಿಯೇ ಪಾಲಿತವಾಗುತ್ತದೆ. ಬಿಡದೆ ಹಿಡಿದ ಸಣ್ಣ ನಿಯಮಕ್ಕೂ ಮುರಿದ ದೊಡ್ಡ ನಿಯಮಕ್ಕೂ ಇರುವ ಅಂತರವನ್ನು ಹೇಳಬೇಕಾಗಿಲ್ಲ. ಊಟವನ್ನು ಲೆಕ್ಕಿಸದೆ ಕೆಲಸ ಮಾಡುವ ವೊನೊಪ್ರಜಾನ್ ಎಂಬ ಹೊಸ ಔಷಧವು 2015ರಲ್ಲಿ ಜಪಾನಿನಲ್ಲಿ ಬಳಕೆಗೆ ಬಂದು ಈಗ ನಮ್ಮಲ್ಲಿಯೂ ಇದೆ. ಏಕಾಶನದ ಕಟ್ಟುನಿಟ್ಟು ಇರುವವರು ಇದನ್ನು ಊಟದೊಡನೆಯೇ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ವಿಚಾರಿಸಬಹುದು.

ಪೂರ್ಣ ಉಪವಾಸದ ಒಂದು ದಿನ ಗುಳಿಗೆ ತಪ್ಪಿದರೆ ಏನು? ಬರೇ ಎದೆಯುರಿಯ ಸಲುವಾಗಿ ತೆಗೆದುಕೊಳ್ಳುವವನಿಗೆ ಹೆಚ್ಚಿನ ಹಾನಿಯಿಲ್ಲ. ಹಿಂದಿನ ದಿನಗಳ ಪರಿಣಾಮ ತಕ್ಕಮಟ್ಟಿಗೆ ಉಳಿದಿರುತ್ತದೆ. ಹುಣ್ಣು ಮಾಯದಿರುವವನ, ಹಿಂದೆ ರಕ್ತ ಹೋದವನ, ನೋವಿನ ಗುಳಿಗೆಯನ್ನೋ ಹೃದಯಕ್ಕಾಗಿ ಆಸ್ಪಿರಿನ್ನನ್ನೋ ನಿತ್ಯ ತೆಗೆದುಕೊಳ್ಳುವವನ ಮಾತು ಬೇರೆ. ಇವರು ನಿರ್ಜಲ ಉಪವಾಸಕ್ಕೆ ಕೈಹಾಕಬಾರದು, ಆಸ್ಪಿರಿನ್ನನ್ನು ತಾವಾಗಿ ಬಿಡಲೂಬಾರದು. ಅವರಿಗೆ ಮೊದಲ ಪ್ರಶ್ನೆ ವೈದ್ಯರಲ್ಲಿ, ಎರಡನೆಯದು ಗುರುಗಳಲ್ಲಿ.

ಪಾರಣೆಯ ಬಗೆಗೆ ಒಂದು ಮಾತು. ಉಪವಾಸ ಬಿಡುವಾಗ ಗಟ್ಟಿ ಚಹ, ಮೇಲೆ ಗೋಕಾಕದ ಕರದಂಟು, ಅದರ ಮೇಲೆ ಕರಿದ ತಿಂಡಿ ಎಂಬ ಪದ್ಧತಿ ಎಲ್ಲಿಂದ ಬಂದಿತೋ ಕಾಣೆ. ಕರದಂಟಿನ ಮೇಲೆ ನನಗೆ ವೈರವಿಲ್ಲ. ಆದರೆ ಅಂಟು, ಕೊಬ್ಬರಿ, ತುಪ್ಪಗಳ ಭಾರವು ಬರಿ ಹೊಟ್ಟೆಗೆ ಬಿದ್ದಾಗ ಜಠರದ ಬಾಯಿ ಸಡಿಲುಗೊಂಡು ಹುಳಿನೀರು ಗಂಟಲಿಗೇರುತ್ತದೆ. ಹೆಸರುಬೇಳೆಯ ಕಟ್ಟು, ಗಂಜಿ, ಆಮೇಲೆ ಅನ್ನ, ಇದು ಹಿರಿಯರ ಕ್ರಮ. ಸೂರ್ಯಾಸ್ತಕ್ಕೆ ಮುಂಚೆ ಉಂಡು ಮೂರು ತಾಸಿನ ನಂತರ ಮಲಗುವವನಿಗೆ ಎದೆಯುರಿ ಕಡಿಮೆಯೆಂದು ವೈದ್ಯರೂ ಒಪ್ಪುತ್ತಾರೆ. ಆದರೂ ರಾತ್ರಿಭೋಜನತ್ಯಾಗವು ಆರೋಗ್ಯಕ್ಕಾಗಿ ಎಂದು ವೇದಿಕೆಯ ಮೇಲೆ ಸಾರುವವರ ಮಾತು ನನಗೆ ಸೇರದು. ಅದು ಜೀವದಯೆಗಾಗಿ. ಆರೋಗ್ಯಕ್ಕಾಗಿ ಹಿಡಿದ ನಿಯಮವನ್ನು ಗುಳಿಗೆ ಸಿಕ್ಕೊಡನೆ ಜನ ಬಿಡುತ್ತಾರೆ.

ಕೋಶದ ಪ್ರಶ್ನೆ

ಹುಕ್ಕೇರಿಯ ಸ್ವಾಧ್ಯಾಯದಲ್ಲಿ ವ್ಯಾಪಾರಿಯೊಬ್ಬರು ಜೇಬಿನಿಂದ ಕ್ಯಾಪ್ಸೂಲಿನ ಸ್ಟ್ರಿಪ್ಪನ್ನು ತೆಗೆದು ನನ್ನ ಮುಂದಿಟ್ಟು, “ಮಾಸ್ತರ, ಇದರ ಹೊರಗಿನ ಸಿಪ್ಪಿ ಯಾತರದ ಅಂತೀರಿ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಸಾಮಾನ್ಯವಾಗಿ ಕ್ಯಾಪ್ಸೂಲಿನ ಕೋಶವನ್ನು ಜೆಲಾಟಿನ್ನಿನಿಂದ ಮಾಡುತ್ತಾರೆ. ಜೆಲಾಟಿನ್ನೆಂದರೆ ಪಶುಗಳ ಎಲುಬು, ಚರ್ಮಗಳನ್ನು ಬೇಯಿಸಿ ತೆಗೆದ ಅಂಟು. ಆಹಾರದ ಪೊಟ್ಟಣಗಳ ಮೇಲೆ ಹಸಿರು ಚುಕ್ಕೆ ಕಡ್ಡಾಯವಾಗಿದ್ದರೂ ಔಷಧಕ್ಕೆ ಆ ನಿಯಮವಿಲ್ಲ. ಸಸ್ಯದ ಸೆಲ್ಯುಲೋಸಿನಿಂದ ಮಾಡಿದ ಕೋಶಗಳೂ ಉಂಟು. ಅವುಗಳಲ್ಲಿ ಹೈಪ್ರೊಮೆಲ್ಲೋಸ್ ಎಂಬ ಹೆಸರಿರುತ್ತದೆ.

ಅಹಿಂಸಕ ಔಷಧದ ಚಿಂತೆ ನಮ್ಮಲ್ಲಿ ಇಂದಿನದಲ್ಲ. ಉಗ್ರಾದಿತ್ಯಾಚಾರ್ಯರು ತಮ್ಮ ಕಲ್ಯಾಣಕಾರಕ ಗ್ರಂಥದ ಕೊನೆಗೆ ಹಿತಾಹಿತವೆಂಬ ಪ್ರಕರಣವನ್ನೇ ಸೇರಿಸಿ, ಔಷಧದಲ್ಲಿ ಮಾಂಸದ ಪ್ರಯೋಜನವಿಲ್ಲವೆಂದು ನೃಪತುಂಗನ ರಾಜಸಭೆಯಲ್ಲಿ ವಾದಿಸಿದುದನ್ನು ದಾಖಲಿಸಿದ್ದಾರೆ. ಈ ಗ್ರಂಥವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸಂಪಾದಿಸಿ, 1940ರಲ್ಲಿ ಅದು ಸೊಲ್ಲಾಪುರದಿಂದ ಪ್ರಕಟವಾಯಿತು. ಕನ್ನಡದಲ್ಲಿಯೂ 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಮದ್ಯ, ಮಾಂಸ, ಮಧುಗಳಿಲ್ಲದ ಚಿಕಿತ್ಸೆಯಾಗಿ ಬರೆದಿದ್ದಾನೆ. ಅವರು ಔಷಧವನ್ನೇ ತ್ಯಜಿಸಲಿಲ್ಲ, ನಿರ್ದೋಷವಾದ ಔಷಧವನ್ನು ಹುಡುಕಿದರೆಂಬುದು ಇಲ್ಲಿ ಮುಖ್ಯ.

ನಮ್ಮ ಪ್ರಸ್ತುತ ವಿಷಯದಲ್ಲಿ ಹುಡುಕಾಟ ಸುಲಭವಾಗಿದೆ. ಒಮೆಪ್ರಜೋಲ್ ಬಹುಮಟ್ಟಿಗೆ ಕ್ಯಾಪ್ಸೂಲಿನಲ್ಲಿ ಬರುತ್ತದೆ. ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಮಿನ ಗುಳಿಗೆಯಾಗಿಯೇ ಬರುತ್ತದೆ, ಅದಕ್ಕೆ ಕೋಶವಿಲ್ಲ. ಆದರೆ ಡಾಂಪೆರಿಡೋನ್ ಕೂಡಿಸಿದ ಜೋಡಿ ಔಷಧಗಳು ಹೆಚ್ಚಾಗಿ ಕ್ಯಾಪ್ಸೂಲುಗಳು. ಆ ಎರಡನೆಯ ಔಷಧವು ವಾಂತಿಗೆ ಸಂಬಂಧಿಸಿದ್ದು, ವೃದ್ಧರಲ್ಲಿ ಹೃದಯದ ಬಡಿತವನ್ನು ಕೆಡಿಸಬಲ್ಲುದು, ಎಲ್ಲರಿಗೂ ಬೇಕಾಗುವುದಿಲ್ಲ. “ಕೋಶವಿಲ್ಲದ ಗುಳಿಗೆ ಬರೆದುಕೊಡಿರಿ” ಎಂದು ಕೇಳಿದರೆ ಯಾವ ವೈದ್ಯರೂ ಬೇಸರಿಸಲಾರರು. ವ್ಯಾಪಾರಿಗಳು ಹಾಗೆಯೇ ಕೇಳಿ ಬದಲಿಸಿಕೊಂಡರು, ಬೆಲೆಯೂ ಇಳಿಯಿತೆಂದು ಸಂತೋಷಪಟ್ಟರು.

ಬಹುಕಾಲ ನುಂಗುವವರಿಗೆ

ಗೋಕಾಕದ ಬೀದಿಯಲ್ಲಿ ವೈದ್ಯರ ಚೀಟಿಯಿಲ್ಲದೆ ಈ ಗುಳಿಗೆಯನ್ನು ಕೊಂಡು ವರ್ಷಗಟ್ಟಲೆ ನುಂಗುವವರಿದ್ದಾರೆ. ಇದು ಸಲ್ಲದು. ಆಹಾರದಲ್ಲಿನ ಬಿ12 ಜೀವಸತ್ವವನ್ನು ಬಿಡಿಸಿಕೊಳ್ಳಲು ಜಠರಾಮ್ಲ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಿಂದ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿ12 ಕೊರತೆಯಿದ್ದ ಸುಮಾರು 26 ಸಾವಿರ ರೋಗಿಗಳ ಪೈಕಿ ಶೇಕಡಾ 12ರಷ್ಟು ಜನ ಎರಡು ವರ್ಷ ಅಥವಾ ಹೆಚ್ಚು ಕಾಲ ಈ ವರ್ಗದ ಔಷಧ ಪಡೆದವರು. ಕೊರತೆಯಿಲ್ಲದವರಲ್ಲಿ ಆ ಪ್ರಮಾಣ ಶೇಕಡಾ 7.2. ಅವರು ಮಾಂಸಾಹಾರದ ದೇಶದವರು. ನಮಗಾದರೋ ಹಾಲು, ಮೊಸರು ಬಿಟ್ಟರೆ ಬಿ12ರ ಮೂಲವೇ ಇಲ್ಲ. ರಸಪರಿತ್ಯಾಗದಲ್ಲಿ ಅದೂ ಹೋಗುತ್ತದೆ. ಕಾಲು ಜುಮ್ಮೆನ್ನುವುದು, ಮರೆವು, ನಡಿಗೆಯಲ್ಲಿ ತೂಕ ತಪ್ಪುವುದು ಕಂಡರೆ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಮೆಗ್ನೀಸಿಯಂ ಇಳಿಯುವುದೂ ಉಂಟು.

ಬಿಡುವಾಗಲೂ ವಿವೇಕ ಬೇಕು. ತಿಂಗಳುಗಟ್ಟಲೆ ಅದುಮಿಟ್ಟ ಪಂಪುಗಳು ಒಮ್ಮೆಲೇ ಬಿಟ್ಟಾಗ ಮೊದಲಿಗಿಂತ ಹೆಚ್ಚು ಆಮ್ಲ ಸುರಿಸುತ್ತವೆ. ಪರ್ವದ ಮುನ್ನಾದಿನ ಗುಳಿಗೆ ಬಿಟ್ಟು, ಮೂರನೆಯ ದಿನ ಎದೆ ಸುಟ್ಟಾಗ “ಉಪವಾಸ ನನಗೆ ಆಗಿಬರುವುದಿಲ್ಲ” ಎನ್ನುವವರು ಉಪವಾಸವನ್ನು ಸುಮ್ಮನೆ ದೂರುತ್ತಾರೆ. ಎರಡು ತಿಂಗಳು ಮುಂಚೆಯೇ ವೈದ್ಯರಲ್ಲಿ ವಿಚಾರಿಸಿ, ಬಿಡಬಹುದಾದರೆ ಪ್ರಮಾಣವನ್ನು ಕ್ರಮಕ್ರಮವಾಗಿ ಇಳಿಸಬೇಕು.

ಆ ಶ್ರಾವಿಕೆಯ ಪ್ರಶ್ನೆಗೆ ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಇಷ್ಟು: “ತಂಗೀ, ಮುರಿದದ್ದು ನಿನ್ನ ವ್ರತವಲ್ಲ. ನಾನು ಹೇಳಿದ ಅರ್ಥ ತಪ್ಪಿತ್ತು. ಅದಕ್ಕೆ ಪ್ರಾಯಶ್ಚಿತ್ತ ನನ್ನದು.” ಗುರುಗಳಲ್ಲಿ ಆಲೋಚನೆ ಮಾಡಿ ಅದನ್ನು ಸ್ವೀಕರಿಸಿಯೂ ಆಯಿತು. ಆಕೆಯ ಹುಣ್ಣಿನ ತುಣುಕಿನಲ್ಲಿ ಬ್ಯಾಕ್ಟೀರಿಯಾ ಕಾಣಲಿಲ್ಲ, ನೋವಿನ ಗುಳಿಗೆಯೇ ಕಾರಣವೆಂದರು. ಮೊಣಕಾಲಿಗೆ ಬೇರೆ ಔಷಧ, ಎಣ್ಣೆಯ ತಿಕ್ಕುವಿಕೆ, ಸಾಮಾಯಿಕಕ್ಕೆ ಕುರ್ಚಿ. ಎಂಟು ವಾರ ಪ್ಯಾಂಟೊಪ್ರಜೋಲ್ ನಡೆಯಿತು. ಕಾರ್ತಿಕದ ಅಷ್ಟಾಹ್ನಿಕಕ್ಕೆ ವೈದ್ಯರನ್ನು ಕೇಳಿ, ಎಂಟು ದಿನವೂ ಎರಡು ಹೊತ್ತಿನ ಊಟ, ತುಪ್ಪ ಮತ್ತು ಬೆಲ್ಲದ ತ್ಯಾಗ, ಔಷಧವೂ ಅದರ ಜಲವೂ ಹೊರತು ಎಂದು ಪ್ರತ್ಯಾಖ್ಯಾನ ಮಾಡಿದರು. ಮೊದಲ ದಿನ ಬೆಳಗ್ಗೆ ಬಸದಿಯ ಬಾಗಿಲಲ್ಲಿ ನನ್ನನ್ನು ತಡೆದು, ಗುಳಿಗೆಯ ನೀರು ಬಿಸಿ ಮಾಡಿ ಎಷ್ಟು ಹೊತ್ತಿನವರೆಗೆ ನಡೆಯುತ್ತದೆಂದು ಕೇಳಿದರು. ಸೋಸಿ ಚೆನ್ನಾಗಿ ಕುದಿಸಿದ ನೀರಿನ ಮರ್ಯಾದೆ ಇಪ್ಪತ್ತನಾಲ್ಕು ತಾಸು ಎಂದೆ.